ನವೆಂಬರ್ 8ರ ಒಂದು ಸಂಜೆ ಕೊಡಿ: ಮುಂಬಯಿಯ ಕನ್ನಡ ಸಂಘಗಳಿಗೆ ಬಹಿರಂಗ ಪತ್ರ

ಮುಂಬಯಿ, ಠಾಣೆ, ನವಿ ಮುಂಬಯಿಯ ಎಲ್ಲ ಕನ್ನಡ ಸಂಘಗಳ ಅಧ್ಯಕ್ಷರಿಗೆ, ಕಾರ್ಯದರ್ಶಿಗಳಿಗೆ, ಸಮಿತಿಯ ಸದಸ್ಯರಿಗೆ,

ಡೊಂಬಿವಲಿಯಿಂದ ನಮಸ್ಕಾರ.

ರಾಜ್ಯೋತ್ಸವದ ಕಾರ್ಯಕ್ರಮ ನಿಗದಿ ಮಾಡಲು ನೀವೆಲ್ಲ ಕೂರುವ ಹೊತ್ತು ಇದು. ಹಾಲ್ ಬುಕ್ ಆಗಿ, ಆಮಂತ್ರಣ ಅಚ್ಚಾದ ಮೇಲೆ ಹೇಳಿ ಪ್ರಯೋಜನವಿಲ್ಲ ಎಂದು ಈಗಲೇ ಬರೆಯುತ್ತಿದ್ದೇನೆ. ನಾನು ಲೇಖಕಿಯಲ್ಲ. ಈ ನಗರದ ಒಂದು ಪ್ರಯೋಗಾಲಯದಲ್ಲಿ, ಜೀವಕೋಶ ಬೆಳೆಸುವ ಕೋಣೆಯಲ್ಲಿ, 31 ವರ್ಷ ತಂತ್ರಜ್ಞೆಯಾಗಿ ದುಡಿದು ನಿವೃತ್ತಳಾದವಳು. ಹುಟ್ಟಿದ್ದು ಶಿರಸಿ ಸೀಮೆಯ ಅಡಿಕೆ ತೋಟದ ಮನೆಯಲ್ಲಿ. ಈ ಎರಡೂ ಸಂಗತಿ ಈ ಪತ್ರಕ್ಕೆ ಬೇಕು, ಅದಕ್ಕೆ ಮೊದಲೇ ಹೇಳಿದೆ.

ಕಳೆದ ವರ್ಷ ನಮ್ಮ ಕಡೆಯ ಒಂದು ಸಂಘದ ಸಮಿತಿಯ ಮುಂದೆ ಹೋಗಿ, ರಾಜ್ಯೋತ್ಸವದ ವಾರದಲ್ಲಿ ಅರ್ಧ ಗಂಟೆ ಕೊಡಿ, ಡಾ. ಕಮಲ್ ರಣದಿವೆ ಎಂಬ ಕ್ಯಾನ್ಸರ್ ವಿಜ್ಞಾನಿಯ ಬಗ್ಗೆ ಮಾತಾಡುತ್ತೇನೆ ಎಂದು ಕೇಳಿದ್ದೆ. ಚಹಾ ಕೊಟ್ಟು ಗೌರವದಿಂದಲೇ ಕೇಳಿಸಿಕೊಂಡರು. ಆಮೇಲೆ ಎರಡು ಮಾತು ಹೇಳಿದರು. ಒಂದು, ಅವರು ಮರಾಠಿಯವರಲ್ಲವೇ, ನಮ್ಮ ವೇದಿಕೆಗೆ ಯಾಕೆ? ಇನ್ನೊಂದು, ಹಬ್ಬದ ದಿನ ಕ್ಯಾನ್ಸರ್ ಮಾತು ಯಾಕಮ್ಮ, ಅಮಂಗಳ. ಆ ಸಂಘದ ಹೆಸರು ಹೇಳುವುದಿಲ್ಲ. ನನ್ನ ಅಣ್ಣ ಆಸ್ಪತ್ರೆಯಲ್ಲಿದ್ದಾಗ ದಿನವೂ ಗಂಜಿಯ ಡಬ್ಬಿ ಹಿಡಿದು ಪರೇಲಿಗೆ ಬಂದವರಲ್ಲಿ ಅವರೂ ಇದ್ದರು. ನನಗೆ ಅವರ ಮೇಲೆ ಸಿಟ್ಟಿಲ್ಲ. ಆದರೆ ಆ ಎರಡು ಮಾತಿಗೆ ಅಂದು ಕೊಡಲಾಗದ ಉತ್ತರವನ್ನು ಇಂದು ಎಲ್ಲರಿಗೂ ಕೊಡಬೇಕಾಗಿದೆ.

ಕಮಲ್ ರಣದಿವೆ ಹುಟ್ಟಿದ್ದು 1917ರ ನವೆಂಬರ್ 8ರಂದು, ಪುಣೆಯಲ್ಲಿ. ತವರಿನ ಹೆಸರು ಕಮಲ್ ಸಮರ್ಥ. ತಂದೆ ಫರ್ಗ್ಯುಸನ್ ಕಾಲೇಜಿನಲ್ಲಿ ಜೀವಶಾಸ್ತ್ರದ ಅಧ್ಯಾಪಕರು. ಮಗಳು ವೈದ್ಯೆಯಾಗಲಿ, ವೈದ್ಯನನ್ನೇ ಮದುವೆಯಾಗಲಿ ಎಂದು ಅವರ ಆಸೆ. ಮಗಳು ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಹಿಡಿದಳು, ಗಣಿತಜ್ಞ ಜೆ. ಟಿ. ರಣದಿವೆಯವರ ಕೈ ಹಿಡಿದಳು. ಪುಣೆಯ ಕೃಷಿ ಕಾಲೇಜಿನಲ್ಲಿ ಎಂ.ಎಸ್ಸಿ.ಗೆ ಅವರು ಆರಿಸಿಕೊಂಡದ್ದು ಸೀತಾಫಲ, ರಾಮಫಲದ ಕುಟುಂಬ. ಆ ಗಿಡಗಳ ಜೀವಕೋಶದೊಳಗಿನ ವರ್ಣತಂತುಗಳ ಅಧ್ಯಯನ. ಹೀಗೆ ಹಿತ್ತಲ ಹಣ್ಣಿನಿಂದ ಶುರುವಾದ ಕಣ್ಣು ಮುಂದೆ ಮನುಷ್ಯರ ಗಡ್ಡೆಗಳ ಕಡೆಗೆ ತಿರುಗಿತು. ಮದುವೆಯಾಗಿ ಮುಂಬಯಿಗೆ ಬಂದವರು ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ಡಾ. ವಸಂತ ರಾಮಜಿ ಖಾನೋಲ್ಕರ್ ಅವರ ಕೈಕೆಳಗೆ ಸೇರಿದರು. ಖಾನೋಲ್ಕರ್ ಗೋವಾ ಮೂಲದವರು, ಈ ದೇಶದಲ್ಲಿ ರೋಗನಿದಾನಶಾಸ್ತ್ರಕ್ಕೆ ಅಡಿಪಾಯ ಹಾಕಿದವರು. 1949ರಲ್ಲಿ ಬಾಂಬೆ ವಿಶ್ವವಿದ್ಯಾಲಯದ ಪಿಎಚ್.ಡಿ. ಬಂತು. ಅದಾದ ಮೇಲೆ ಅಮೆರಿಕದ ಬಾಲ್ಟಿಮೋರ್, ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಜಾರ್ಜ್ ಗೇ ಅವರ ಪ್ರಯೋಗಾಲಯ. ದೇಹದಿಂದ ತೆಗೆದ ಜೀವಕೋಶಗಳನ್ನು ಗಾಜಿನ ನಳಿಗೆಯಲ್ಲಿ ಬದುಕಿಸಿ ಇಡುವ ವಿದ್ಯೆಯಲ್ಲಿ ಆ ಕಾಲಕ್ಕೆ ಅವರನ್ನು ಮೀರಿಸಿದವರು ಕಡಿಮೆ. ಇಂದಿಗೂ ಜಗತ್ತಿನ ಪ್ರಯೋಗಾಲಯಗಳಲ್ಲಿ ಬೆಳೆಯುತ್ತಿರುವ ಹೀಲಾ ಜೀವಕೋಶಗಳು 1951ರಲ್ಲಿ ಮೊದಲು ಬೆಳೆದದ್ದು ಅಲ್ಲಿಯೇ, ಹೆನ್ರಿಯೆಟಾ ಲ್ಯಾಕ್ಸ್ ಎಂಬ ತಾಯಿಯ ಗಡ್ಡೆಯಿಂದ.

ಆ ವಿದ್ಯೆಯನ್ನು ಕಮಲ್ ರಣದಿವೆ ಪರೇಲಿಗೆ ತಂದರು. 1952ರಲ್ಲಿ ಆರಂಭವಾದ ಇಂಡಿಯನ್ ಕ್ಯಾನ್ಸರ್ ರಿಸರ್ಚ್ ಸೆಂಟರಿನಲ್ಲಿ ಭಾರತದ ಮೊದಲ ಟಿಶ್ಯೂ ಕಲ್ಚರ್ ಪ್ರಯೋಗಾಲಯ ಕಟ್ಟಿದರು.

ಟಿಶ್ಯೂ ಕಲ್ಚರ್ ಎಂದರೆ ನಮ್ಮ ಊರಿನ ಕಡೆ ಬಾಳೆ ಸಸಿ ನೆನಪಾಗುತ್ತದೆ. ಇದು ಬೇರೆ. ಇಲ್ಲಿ ಬೆಳೆಸುವುದು ಪ್ರಾಣಿಯ, ಮನುಷ್ಯರ ಜೀವಕೋಶ. ಗುಲಾಬಿ ಬಣ್ಣದ ಪೋಷಕ ದ್ರವ, ಮೈಬಿಸಿಯಷ್ಟೇ ಬಿಸಿ, ಅಂದರೆ 37 ಡಿಗ್ರಿ. ಕೋಶಗಳು ಉಂಡು ಆಮ್ಲ ಬಿಟ್ಟಂತೆ ದ್ರವ ಹಳದಿಗೆ ತಿರುಗುತ್ತದೆ. ಆಗ ಹಳೆಯದನ್ನು ತೆಗೆದು ಹೊಸದು ಹಾಕಬೇಕು. ಅವಕ್ಕೆ ಭಾನುವಾರ ಇಲ್ಲ, ದೀಪಾವಳಿ ಇಲ್ಲ. ಬೆಳಿಗ್ಗೆ ಬಾಗಿಲು ತೆರೆದಾಗ ಫ್ಲಾಸ್ಕ್ ಒಳಗಿನ ದ್ರವ ಮಜ್ಜಿಗೆಯಂತೆ ಕದಡಿದ್ದರೆ ಬ್ಯಾಕ್ಟೀರಿಯಾ ನುಗ್ಗಿದೆ ಎಂದರ್ಥ. ತಿಂಗಳ ಕೆಲಸ ಚರಂಡಿಗೆ. ಎಲ್ಲವೂ ಇರುವುದು ಕೈಯ ಶುದ್ಧದಲ್ಲಿ. ನಾನು ರಣದಿವೆಯವರನ್ನು ಕಂಡವಳಲ್ಲ. ನನಗೆ ಪೈಪೆಟ್ ಹಿಡಿಯಲು ಕಲಿಸಿದ ಹಿರಿಯಕ್ಕ ಪರೇಲಿನಲ್ಲಿ, ಅವರು ಕಟ್ಟಿದ ಕೋಣೆಯಲ್ಲಿ ಪಳಗಿ ಬಂದವರು. ಬಾಟಲಿಯ ಮುಚ್ಚಳವನ್ನು ಮೇಜಿನ ಮೇಲೆ ಇಡಬಾರದು. ಕಿರುಬೆರಳಿನ ಮಡಿಕೆಯಲ್ಲಿ ಸಿಕ್ಕಿಸಿಕೊಂಡು, ಅದೇ ಕೈಯಲ್ಲಿ ಪೈಪೆಟ್ ಹಿಡಿದು ದ್ರವ ಎಳೆದು, ಬಾಟಲಿಯ ಬಾಯಿಯನ್ನು ಜ್ವಾಲೆಗೆ ಒಮ್ಮೆ ತೋರಿಸಿ, ಮತ್ತೆ ಮುಚ್ಚಬೇಕು. ಇದನ್ನು ಅವರು ನನ್ನಿಂದ ಮೂರು ವಾರ ಬರಿಯ ನೀರಿನಲ್ಲಿ ಮಾಡಿಸಿದರು. ಈಗಲೂ ಅಡುಗೆಮನೆಯಲ್ಲಿ ಎಣ್ಣೆ ಬಾಟಲಿ ತೆರೆದರೆ ಮುಚ್ಚಳ ನನ್ನ ಕಿರುಬೆರಳಿನಲ್ಲಿಯೇ ಇರುತ್ತದೆ. ವಿಜ್ಞಾನಿಯ ಪ್ರಭಾವವನ್ನು ಪ್ರಬಂಧಗಳ ಲೆಕ್ಕದಲ್ಲಿ ಅಳೆಯುತ್ತಾರೆ, ಅವರ ಹೆಸರಿನಲ್ಲಿ 200ಕ್ಕೂ ಹೆಚ್ಚು ಇವೆ. ಅವರ ಕೋಣೆಯನ್ನು ಕಣ್ಣಿನಿಂದ ನೋಡದ ನನ್ನ ಈ ಬೆರಳನ್ನೂ ಆ ಲೆಕ್ಕಕ್ಕೆ ಸೇರಿಸಬೇಕು ಎಂದು ನನ್ನ ಭಾವನೆ.

ಅವರ ಕೆಲಸ ಒಂದೇ ದಾರಿಯದ್ದಲ್ಲ. ಸ್ತನ ಕ್ಯಾನ್ಸರ್ ಹೇಗೆ ಬರುತ್ತದೆ ಎಂದು ತಿಳಿಯಲು ಇಲಿಗಳ ವಂಶಗಳನ್ನು ಸಾಕಿದರು. ಅಣ್ಣ-ತಂಗಿ ಇಲಿಗಳನ್ನು ಕೂಡಿಸುತ್ತ 20 ತಲೆಮಾರು ಸಾಗಿದರೆ ಮಾತ್ರ ಎಲ್ಲ ಇಲಿಗಳೂ ಒಂದೇ ಅಚ್ಚಿನವು ಎಂದು ವಿಜ್ಞಾನ ಒಪ್ಪುತ್ತದೆ. ಅಲ್ಲಿಯ ತನಕ ಕಾಯಬೇಕು. ಆ ಸಂಸ್ಥೆಯಲ್ಲಿಯೇ ಬೆಳೆದ ಒಂದು ಇಲಿಯ ವಂಶಕ್ಕೆ ಸಂಸ್ಥೆಯ ಹೆಸರೇ ಇದೆ. ಅನುವಂಶ, ಹಾರ್ಮೋನು, ವೈರಸ್ ಇವು ಮೂರೂ ಹೇಗೆ ಕೈ ಕೈ ಹಿಡಿಯುತ್ತವೆ ಎಂದು ಅವರ ತಂಡ ಹುಡುಕಿತು. ಸ್ತನ ಕ್ಯಾನ್ಸರಿಗೂ ಅನುವಂಶಕ್ಕೂ ನಂಟಿದೆ ಎಂದು ಈ ದೇಶದಲ್ಲಿ ಮೊದಮೊದಲು ಹೇಳಿದವರಲ್ಲಿ ಅವರು ಒಬ್ಬರು. ಇನ್ನೊಂದು ಕಡೆ ಕುಷ್ಠ. 1958ರಲ್ಲಿ ಬಾಪಟ್, ರಣದಿವೆ, ಖಾನೋಲ್ಕರ್ ಮೂವರೂ ಸೇರಿ ಕುಷ್ಠರೋಗಿಯ ಗಂಟಿನಿಂದ ಒಂದು ಸೂಕ್ಷ್ಮಾಣುವನ್ನು ಬೇರ್ಪಡಿಸಿ ಬೆಳೆಸಿದರು. ಅದು ಕುಷ್ಠದ ಸೂಕ್ಷ್ಮಾಣುವೇ ಅಲ್ಲ, ಅದರ ದಾಯಾದಿ. ಆದರೂ ಅದರಿಂದಲೇ ಅದೇ ಸಂಸ್ಥೆಯಲ್ಲಿ ಮುಂದಿನವರು ಒಂದು ಲಸಿಕೆ ತಯಾರಿಸಿದರು. 1990ರ ದಶಕದಲ್ಲಿ ತಮಿಳುನಾಡಿನ ಚೆಂಗಲ್ಪಟ್ಟು ಭಾಗದಲ್ಲಿ ನಾಲ್ಕು ಬಗೆಯ ಲಸಿಕೆಗಳನ್ನು ಪಕ್ಕಪಕ್ಕ ಇಟ್ಟು ಪರೀಕ್ಷಿಸಿದಾಗ ಈ ಲಸಿಕೆ ಶೇ 65.5ರಷ್ಟು ರಕ್ಷಣೆ ಕೊಟ್ಟಿತು. ಒಂದು ಗಾಜಿನ ನಳಿಗೆಯಲ್ಲಿ ಶುರುವಾದ ಕೆಲಸ ಹಳ್ಳಿಯ ತೋಳಿನ ತನಕ ಹೋಗಲು ಮೂವತ್ತಕ್ಕೂ ಹೆಚ್ಚು ವರ್ಷ ಹಿಡಿಯಿತು.

ಈಗ ಅಡಿಕೆಯ ಮಾತಿಗೆ ಬರುತ್ತೇನೆ. ಈ ಪತ್ರ ಬರೆಯಲು ಕೂತದ್ದೇ ಇದಕ್ಕಾಗಿ.

ನಮ್ಮ ಕಡೆ ಎಲೆ-ಅಡಿಕೆಗೆ ಕವಳ ಎನ್ನುತ್ತಾರೆ. ಬಂದವರಿಗೆ ಮೊದಲು ಆಸರಿಗೆ, ಅಂದರೆ ಕುಡಿಯಲು ಏನಾದರೂ, ಆಮೇಲೆ ಕವಳದ ತಬಕು. ಅಡಿಕೆ ಕೊನೆ ಕೊಯ್ಯುವ ಕೊನೆಗೌಡ ಮರ ಇಳಿದು ಕೇಳುವುದು ಕವಳ. ತಾಳಮದ್ದಳೆ ರಾತ್ರಿ ಎರಡು ಗಂಟೆಯ ನಂತರವೂ ನಡೆಯುವುದು ಕವಳದ ಮೇಲೆ. ನನ್ನ ಅಣ್ಣ ಹದಿನಾಲ್ಕನೆಯ ವಯಸ್ಸಿಗೆ ಶುರು ಮಾಡಿದ. ಊಟ ಆದ ಮೇಲೆ ಒಂದು, ಮಂಡಿಗೆ ಹೊರಟರೆ ಒಂದು, ಮಲಗುವಾಗ ದವಡೆಯ ಸಂದಿಯಲ್ಲಿ ಒಂದು. ಅದು ಬೆಳಗಿನ ತನಕ ಅಲ್ಲಿಯೇ. ಮನೆಯಲ್ಲಿ ಅದನ್ನು ಚಟ ಎಂದು ಯಾರೂ ಕರೆಯಲಿಲ್ಲ. ಅದು ನಮ್ಮ ಬೆಳೆ, ನಮ್ಮ ಅನ್ನ, ನಮ್ಮ ಮರ್ಯಾದೆ.

ಹ್ಯಾಮ್‌ಸ್ಟರ್ ಎಂಬ ಸಣ್ಣ ಪ್ರಾಣಿಯ ಕೆನ್ನೆಯ ಒಳಗೆ ಎರಡು ಚೀಲಗಳಿವೆ. ಕಾಳು ಸಿಕ್ಕರೆ ಅದರಲ್ಲಿ ತುಂಬಿಕೊಂಡು ಗೂಡಿಗೆ ಓಡುತ್ತದೆ. ಅಂಗಿಯ ಜೇಬನ್ನು ಹೊರಗೆ ಎಳೆದು ತೋರಿಸುವಂತೆ ಆ ಚೀಲವನ್ನು ಚಿಮಟದಿಂದ ಮೆಲ್ಲಗೆ ಹೊರಕ್ಕೆ ಮಗುಚಿ ಒಳಗಿನ ಚರ್ಮವನ್ನು ನೋಡಬಹುದು. ದವಡೆಯಲ್ಲಿ ಕವಳ ಇಟ್ಟುಕೊಳ್ಳುವ ಮನುಷ್ಯನಿಗೆ ಇದಕ್ಕಿಂತ ಹತ್ತಿರದ ಹೋಲಿಕೆ ಇಲ್ಲ. ರಣದಿವೆ ಮತ್ತು ಅವರ ಸಹೋದ್ಯೋಗಿಗಳು ಅಡಿಕೆಯ ಸಾರವನ್ನು, ತಂಬಾಕಿನ ಸಾರವನ್ನು, ಕವಳವನ್ನೇ ಆ ಚೀಲಗಳಲ್ಲಿ ಪರೀಕ್ಷಿಸಿದರು. ಅಡಿಕೆಯ ಸಾರವನ್ನು ಇಲಿಗಳ ಚರ್ಮದ ಅಡಿಗೆ ಚುಚ್ಚಿ ನೋಡಿದರು. ಅಡಿಕೆಯ ಟ್ಯಾನಿನ್ ಭಾಗವನ್ನು ಬೇರೆಯೇ ತೆಗೆದು ಅದನ್ನೂ ಪರೀಕ್ಷೆಗೆ ಹಚ್ಚಿದರು. ಆ ಮಾತು ಓದಿದಾಗ ನನಗೆ ಮನೆಯ ಹಿಂದಿನ ಒಲೆ ನೆನಪಾಯಿತು. ಕೆಂಪಡಿಕೆ ಬೇಯಿಸುವ ಹಂಡೆ, ಅದರಲ್ಲಿ ಕುದಿಯುವ ಕಡುಗೆಂಪು ಚೊಗರು, ಕೈಗೆ ಹತ್ತಿದರೆ ವಾರ ಹೋಗದ ಬಣ್ಣ. ಟ್ಯಾನಿನ್ ಎಂದರೆ ಅದೇ. ಅವರು ಪರೇಲಿನಲ್ಲಿ ಕೂತು ಪ್ರಯೋಗ ಮಾಡಿದ್ದು ನಮ್ಮ ಮನೆಯ ಹಂಡೆಯ ಮೇಲೆ.

ಅಂದಿನ ಪ್ರಶ್ನೆ ಇಷ್ಟು: ಬಾಯಿ ಕ್ಯಾನ್ಸರಿಗೆ ತಂಬಾಕು ಮಾತ್ರ ಕಾರಣವೇ, ಅಡಿಕೆಗೂ ಪಾಲಿದೆಯೇ? ತಂಬಾಕಿಲ್ಲದ, ಬರಿಯ ಅಡಿಕೆ ಸಾರ ಕೊಟ್ಟ ಪ್ರಾಣಿಗಳಲ್ಲೂ ಗಡ್ಡೆಗಳು ಕಂಡವು. 1976ರಲ್ಲಿ ಒಂದು, 1979ರಲ್ಲಿ ಇನ್ನೊಂದು ಪ್ರಬಂಧ ಅಂತರರಾಷ್ಟ್ರೀಯ ಕ್ಯಾನ್ಸರ್ ಪತ್ರಿಕೆಯಲ್ಲಿ ಪ್ರಕಟವಾದವು. ಫ್ರಾನ್ಸಿನ ಲಿಯಾನ್ ನಗರದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇದೆ. ಯಾವ ವಸ್ತು ಕ್ಯಾನ್ಸರ್ ತರುತ್ತದೆ ಎಂದು ತಜ್ಞರು ಕೂತು ತೀರ್ಮಾನಿಸುವುದು ಅಲ್ಲಿ. 1985ರಲ್ಲಿ ಅವರು ತಂಬಾಕು ಸೇರಿಸಿದ ಎಲೆ-ಅಡಿಕೆ ಕ್ಯಾನ್ಸರಕಾರಕ ಎಂದರು. ತಂಬಾಕಿಲ್ಲದ್ದಕ್ಕೆ ಪುರಾವೆ ಸಾಲದು ಎಂದು ಅಲ್ಲಿಗೆ ನಿಲ್ಲಿಸಿದರು. 2004ರಲ್ಲಿ ಬಂದ ಸಂಪುಟದಲ್ಲಿ ತಂಬಾಕಿಲ್ಲದ ಎಲೆ-ಅಡಿಕೆಯೂ, ಅಡಿಕೆಯೂ ಮನುಷ್ಯರಿಗೆ ಕ್ಯಾನ್ಸರಕಾರಕ ಎಂದು ಮೊದಲ ಗುಂಪಿಗೆ ಸೇರಿದವು. ಆ ತೀರ್ಮಾನಕ್ಕೆ ಬಹಳ ದೇಶಗಳ, ಬಹಳ ಜನರ ಅಧ್ಯಯನಗಳು ಆಧಾರ. ಅವರ ಮುಂದೆ ಇದ್ದ ಪ್ರಾಣಿ ಪ್ರಯೋಗಗಳ ಸಾಲಿನಲ್ಲಿ ಪರೇಲಿನ ಈ ಎರಡು ಪ್ರಬಂಧಗಳೂ ಇದ್ದವು.

ಲಿಯಾನ್ ತನಕ ಹೋದ ಆ ಮಾತು ನಮ್ಮ ಜಗಲಿಗೆ ಬರಲಿಲ್ಲ.

ಅಣ್ಣನಿಗೆ ಮೊದಲು ಆದದ್ದು ಬಾಯಿ ತೆರೆಯಲಾಗದ ತೊಂದರೆ. ಅತ್ತಿಗೆ ತೊಡೆದೇವು ಕೊಟ್ಟರೆ ಚೂರು ಮಾಡಿ ತಿನ್ನುತ್ತಿದ್ದ. ಆಮೇಲೆ ಉಂಡೆ ಬಿಟ್ಟ. ಕೊನೆಗೆ ದೋಸೆಯನ್ನು ಸುರುಳಿ ಮಾಡಿ ಹಲ್ಲಿನ ನಡುವೆ ತೂರಿಸುತ್ತಿದ್ದ. ಸಾರು ತಾಗಿದರೆ ಉರಿ. ಪೇಟೆಯ ಒಬ್ಬ ವೈದ್ಯರು ಬಾಯಿಹುಣ್ಣು ಎಂದು ಏಳು ತಿಂಗಳು ಮುಲಾಮು ಕೊಟ್ಟರು. ಆರೋಗ್ಯವಂತರು ತಮ್ಮ ಮೂರು ಬೆರಳನ್ನು ಒಂದರ ಮೇಲೊಂದು ನಿಲ್ಲಿಸಿ ಬಾಯೊಳಗೆ ಇಡಬಹುದು. ಅವನಿಗೆ ಒಂದೂ ಹೋಗುತ್ತಿರಲಿಲ್ಲ. ಅಡಿಕೆಯ ರಾಸಾಯನಿಕಗಳು ಕೆನ್ನೆಯ ಒಳಪದರದ ಫೈಬ್ರೊಬ್ಲಾಸ್ಟ್ ಎಂಬ ಜೀವಕೋಶಗಳನ್ನು ಕೆರಳಿಸುತ್ತವೆ. ಅವು ನಾರನ್ನು ಹೊಸೆಯುತ್ತಲೇ ಹೋಗುತ್ತವೆ, ಕೆನ್ನೆ ಚಪ್ಪಲಿಯ ಚರ್ಮದಂತೆ ಬಿಗಿಯುತ್ತದೆ. ಇದು ಕ್ಯಾನ್ಸರಿಗೆ ಮುಂಚಿನ ಹಂತ. ಫೈಬ್ರೊಬ್ಲಾಸ್ಟ್‌ಗಳು ಹೊಳೆಯ ಎದುರು ನೀರಿಗೆ ಮುಖ ಮಾಡಿದ ಮೀನುಗಳ ಹಿಂಡಿನಂತೆ ಉದ್ದುದ್ದ, ಒಂದೇ ದಿಕ್ಕಿಗೆ ಮಲಗಿರುತ್ತವೆ. ನನ್ನ ಕೋಣೆಯಲ್ಲಿ ನಾನು ದಿನವೂ ಉಣಿಸಿ ಬೆಳೆಸುತ್ತಿದ್ದುದರಲ್ಲಿ ಅವೂ ಇದ್ದವು. ಅದೇ ಬಗೆಯ ಕೋಶ ನನ್ನ ಅಣ್ಣನ ಬಾಯಿಯನ್ನು ಹೊಲಿಯುತ್ತಿದೆ ಎಂದು ನನಗೆ ತಿಳಿಯಲಿಲ್ಲ.

ಪರೇಲಿಗೆ ಕರೆತರುವಾಗ ಗಡ್ಡೆ ದವಡೆಯ ಮೂಳೆಗೆ ಇಳಿದಿತ್ತು. ಅರ್ಧ ದವಡೆ ತೆಗೆದರು. ಮಾತಾಡಲಾಗದ ಅವನ ಕೈಗೆ ಮಗಳ ಹಳೆಯ ಸ್ಲೇಟು ಕೊಟ್ಟೆ. ನೋವು ಎಂದು ಬರೆಯುತ್ತಾನೆ, ನೀರು ಎಂದು ಬರೆಯುತ್ತಾನೆ ಎಂದುಕೊಂಡಿದ್ದೆ. ಅವನು ಬರೆದದ್ದು, ಈ ವರ್ಷ ಕೊಳೆ ಬಂತಾ? ಕೊಳೆ ಎಂದರೆ ಮಳೆಗಾಲದಲ್ಲಿ ಅಡಿಕೆಗೆ ತಗಲುವ ರೋಗ. ಆಗಸ್ಟ್ ತಿಂಗಳು, ಊರಲ್ಲಿ ಮಳೆ ಬಿಟ್ಟಿರಲಿಲ್ಲ, ಮದ್ದು ಹೊಡೆಯಲು ಆಳು ಸಿಕ್ಕಿರಲಿಲ್ಲ. ಬಂದಿಲ್ಲ ಎಂದು ಸುಳ್ಳು ಹೇಳಿದೆ. 2011ರಲ್ಲಿ ಅವನು ಹೋದ.

ಅವನು ಹೋದ ವರ್ಷವೇ, ಒಂದು ಮಧ್ಯಾಹ್ನ, ನಮ್ಮ ಸಂಸ್ಥೆಯ ಗ್ರಂಥಾಲಯದಲ್ಲಿ ರಟ್ಟು ಕಟ್ಟಿದ ಹಳೆಯ ಸಂಪುಟ ತೆಗೆದು 1979ರ ಆ ಪ್ರಬಂಧ ಓದಿದೆ. ಆ ಸಂಪುಟ ನನ್ನ ಕೋಣೆಯಿಂದ ಎರಡು ಮಹಡಿ ಕೆಳಗೆ, ನಾನು ಕೆಲಸಕ್ಕೆ ಸೇರಿದ ದಿನದಿಂದಲೂ ಇತ್ತು. ರಣದಿವೆಯವರ ಹೆಸರು ನನಗೆ ಗೊತ್ತಿತ್ತು, ಅವರು ಅಡಿಕೆಯ ಮೇಲೆ ಕೆಲಸ ಮಾಡಿದ್ದು ಗೊತ್ತಿರಲಿಲ್ಲ. ಜೀವಕೋಶದ ನಡುವೆಯೇ ಬದುಕಿದ ನನಗೇ ಗೊತ್ತಾಗಲಿಲ್ಲ ಎಂದ ಮೇಲೆ ತೋಟದಲ್ಲಿ ಕೊನೆ ಕೊಯ್ಯುವವನಿಗೆ, ಅಂಗಳದಲ್ಲಿ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುವವಳಿಗೆ ಯಾರು ಹೇಳಬೇಕಿತ್ತು?

ಈಗ ಸಮಿತಿಯವರ ಮೊದಲ ಪ್ರಶ್ನೆಗೆ ಉತ್ತರ. ಅವರು ಮರಾಠಿಯವರು, ಹೌದು. ದೇಶದಲ್ಲಿ ಅತಿ ಹೆಚ್ಚು ಅಡಿಕೆ ಬೆಳೆಯುವುದು ಕರ್ನಾಟಕ. ಆ ಅಡಿಕೆಯ ಒಳಗೆ ಏನಿದೆ ಎಂದು ಮುಂಬಯಿಯಲ್ಲಿ ಕೂತು ವರ್ಷಾನುಗಟ್ಟಲೆ ನೋಡಿದ ಹೆಂಗಸು ನಮಗೆ ಹೊರಗಿನವರು ಹೇಗಾಗುತ್ತಾರೆ? ಕನ್ನಡಕ್ಕೆ ಅವರಿಂದ ಆಗಬೇಕಾದ ಉಪಕಾರ ಆಗಿಯೇ ಇದೆ, ನಾವು ಅದನ್ನು ಬಿಚ್ಚಿ ನೋಡಿಲ್ಲ ಅಷ್ಟೇ. ಮುಂಬಯಿಯ ಸಂಘಗಳಿಗೇ ಯಾಕೆ ಬರೆಯುತ್ತಿದ್ದೇನೆಂದರೆ, ಈ ನಗರದ ತಿಳಿವಳಿಕೆಯನ್ನು ಊರಿಗೆ ಒಯ್ಯುವ ರಾತ್ರಿ ಬಸ್ಸಿನ ಎರಡೂ ತುದಿಗಳು ನಿಮ್ಮ ಕೈಯಲ್ಲಿವೆ. ಊರಿನ ಜಾತ್ರೆಗೆ, ಶಾಲೆಗೆ, ದೇವಸ್ಥಾನದ ಜೀರ್ಣೋದ್ಧಾರಕ್ಕೆ ನಿಮ್ಮ ಮಾತು ನಡೆಯುತ್ತದೆ.

ತೋಟ ಕಡಿಯಿರಿ ಎಂದು ನಾನು ಹೇಳುತ್ತಿಲ್ಲ. ಕೊಳೆ ಬಂದ ವರ್ಷ ನಮ್ಮ ಅಪ್ಪ ಮಾತೇ ಆಡುತ್ತಿರಲಿಲ್ಲ, ಆ ಮೌನ ನನಗೆ ಗೊತ್ತು. ಅಡಿಕೆ ದರ ಇಳಿದರೆ ಎಷ್ಟು ಮದುವೆ ಮುಂದಕ್ಕೆ ಹೋಗುತ್ತವೆ ಎಂದೂ ಗೊತ್ತು. ಸಾವಿರಾರು ಮನೆಗಳ ಅನ್ನದ ಪ್ರಶ್ನೆ ಅದು, ಅದಕ್ಕೆ ಉತ್ತರ ಸರ್ಕಾರ, ಸಹಕಾರ ಸಂಘ, ವಿಜ್ಞಾನಿಗಳು ಸೇರಿ ಹುಡುಕಬೇಕು. ನನ್ನ ಅಜ್ಜ ತೊಂಬತ್ತರ ತನಕ ಕವಳ ಹಾಕಿದ, ಏನೂ ಆಗಲಿಲ್ಲ ಎಂದು ಹೇಳುವವರು ನಿಮ್ಮಲ್ಲಿಯೂ ಇದ್ದಾರೆ. ನಿಜವಿರಬಹುದು. ಪ್ರಯೋಗಾಲಯದ ಪಂಜರದಲ್ಲಿಯೂ ಎಲ್ಲ ಪ್ರಾಣಿಗಳಿಗೆ ಗಡ್ಡೆ ಬರಲಿಲ್ಲ. ಎಷ್ಟು ಹೊತ್ತು, ಎಷ್ಟು ವರ್ಷ, ಯಾರ ಮೈಗೆ ಎಂಬುದರ ಮೇಲೆ ಅಪಾಯ ನಿಲ್ಲುತ್ತದೆ. ಬೆಳೆಯುವುದು ಬೇರೆ, ಹದಿನಾಲ್ಕರ ಹುಡುಗನ ದವಡೆಯಲ್ಲಿ ರಾತ್ರಿಯಿಡೀ ಇಡುವುದು ಬೇರೆ. ಬೆಳೆಯುವವನಿಗೂ ತಾನು ಅಗಿಯುವುದೇನು ಎಂದು ತಿಳಿಯುವ ಹಕ್ಕಿದೆ.

ಅಮಂಗಳ ಎಂಬ ಮಾತಿಗೆ ಏನು ಹೇಳಲಿ? ಮೂರು ಬೆರಳು ಬಾಯಿಗೆ ಹೋಗುತ್ತವೆಯೇ ಎಂದು ಯಾರಾದರೂ ಒಂದು ವೇದಿಕೆಯ ಮೇಲಿಂದ ತೋರಿಸಿದ್ದರೆ ನನ್ನ ಅಣ್ಣ ಮುಲಾಮು ಹಚ್ಚುತ್ತ ಏಳು ತಿಂಗಳು ಕಳೆಯುತ್ತಿರಲಿಲ್ಲ.

ರಣದಿವೆಯವರೂ ಪ್ರಯೋಗಾಲಯದೊಳಗೇ ಉಳಿದವರಲ್ಲ. 1966ರಿಂದ 1970ರ ತನಕ ಸಂಸ್ಥೆಯ ಪ್ರಭಾರ ನಿರ್ದೇಶಕರಾಗಿ ಹೊಣೆ ಹೊತ್ತರು. 1973ರಲ್ಲಿ ಮುಂದಾಳಾಗಿ ನಿಂತು ಭಾರತೀಯ ಮಹಿಳಾ ವಿಜ್ಞಾನಿಗಳ ಸಂಘವನ್ನು ಕಟ್ಟಿದರು. ವಾಶಿಯಲ್ಲಿ ಅದರ ಕಚೇರಿ, ದುಡಿಯುವ ಹೆಣ್ಣುಮಕ್ಕಳಿಗೆ ಹಾಸ್ಟೆಲ್, ಮಕ್ಕಳನ್ನು ಬಿಟ್ಟು ಹೋಗಲು ಶಿಶುಪಾಲನಾ ಕೇಂದ್ರ ಇವೆ. ಹೆಣ್ಣು ವಿಜ್ಞಾನಿಯಾಗಲು ಪದವಿಯ ಜೊತೆಗೆ ಮಗುವನ್ನು ನಂಬಿ ಬಿಡಲು ಒಂದು ಜಾಗವೂ ಬೇಕು ಎಂದು ಅರಿತವರು ಕಟ್ಟಿದ ಸಂಘ ಅದು. 1982ರಲ್ಲಿ ಪದ್ಮಭೂಷಣ ಬಂತು. ನಿವೃತ್ತಿಯ ನಂತರ ಅಹಮದ್‌ನಗರ ಜಿಲ್ಲೆಯ ಬುಡಕಟ್ಟು ಮಕ್ಕಳ ಪೌಷ್ಟಿಕತೆಯ ಕೆಲಸಕ್ಕೆ ಹೋದರು. 2001ರಲ್ಲಿ ತೀರಿಕೊಂಡರು. ಅವರು ದುಡಿದ ಸಂಸ್ಥೆ ಮರುವರ್ಷ ಪರೇಲಿನಿಂದ ಖಾರ್ಘರ್‌ಗೆ ಹೋಯಿತು. 2021ರ ನವೆಂಬರ್ 8ರಂದು ಗೂಗಲ್ ಅವರ ಚಿತ್ರ ಹಾಕಿದಾಗ ನಮ್ಮ ಮಕ್ಕಳೆಲ್ಲ ಒಂದು ದಿನ ಹಂಚಿಕೊಂಡರು. ಮರುದಿನಕ್ಕೆ ಮರೆತೂ ಹೋಯಿತು.

ರಾಜ್ಯೋತ್ಸವದಿಂದ ಏಳು ದಿನಕ್ಕೆ ಅವರ ಹುಟ್ಟುಹಬ್ಬ. ಅದರ ಹಿಂದಿನ ದಿನ, ನವೆಂಬರ್ 7, ರಾಷ್ಟ್ರೀಯ ಕ್ಯಾನ್ಸರ್ ಜಾಗೃತಿ ದಿನ. ನಿಮ್ಮ ನವೆಂಬರ್ ಪೂರ್ತಿ ಕಾರ್ಯಕ್ರಮಗಳ ತಿಂಗಳು. ಯಕ್ಷಗಾನ ಇರಲಿ, ಸುಗಮ ಸಂಗೀತ ಇರಲಿ, ಸನ್ಮಾನವೂ ಇರಲಿ. ಎಂಟರ ಸಂ‌ಜೆಯೊಂದನ್ನು ಮಾತ್ರ ಇದಕ್ಕೆ ಬಿಡಿ. ಬಾಯಿ ಪರೀಕ್ಷೆ ಮಾಡಬಲ್ಲ ದಂತವೈದ್ಯರು ನಮ್ಮ ಸಮುದಾಯದಲ್ಲಿಯೇ ಬೇಕಾದಷ್ಟು ಜನ ಇದ್ದಾರೆ. ಅವರನ್ನು ಒಂದು ಟಾರ್ಚ್ ಹಿಡಿದು ಬರಲು ಹೇಳಿ. ಹೋಟೆಲುಗಳಲ್ಲಿ ದುಡಿಯುವ ಹುಡುಗರಿಗೆ ಅಂದು ಎರಡು ಗಂಟೆ ಬಿಡುವು ಕೊಡಿಸಿ, ಏಕೆಂದರೆ ನಿದ್ದೆ ತಡೆಯಲು ಅಡಿಕೆ ಅಗಿಯುವವರು ಅವರು. ಸಭೆ ಮುಗಿದಾಗ ಕೊಡುವ ತಾಂಬೂಲದ ಚೀಲದಲ್ಲಿ ಎಲೆಯ ಮೇಲೆ ಒಂದು ಇಡಿ ಅಡಿಕೆ ಇಡುವುದು ನಮ್ಮ ಸಂಪ್ರದಾಯ, ಅದು ಇರಲಿ. ಅದರ ಜೊತೆ ಈಗ ಸೇರಿಕೊಂಡಿರುವ ಸಿಹಿ ಸುಪಾರಿಯ ಬಣ್ಣದ ಪೊಟ್ಟಣವನ್ನು ತೆಗೆಯಿರಿ. ಚೀಲ ಮನೆ ಮುಟ್ಟುವ ಮೊದಲೇ ಲೋಕಲ್ ರೈಲಿನಲ್ಲಿ ಅದನ್ನು ಒಡೆದು ತಿನ್ನುವುದು ಮಕ್ಕಳು. ನಾನು ಕಣ್ಣಾರೆ ನೋಡಿದ್ದೇನೆ. ಬದಲಿಗೆ ಕಲ್ಲುಸಕ್ಕರೆ ಇಡಿ.

ಇನ್ನೊಂದು, ಅವರ ಜೀವನ ಮತ್ತು ಕೆಲಸದ ಬಗ್ಗೆ ಕನ್ನಡದಲ್ಲಿ 48 ಪುಟದ ಒಂದು ಪುಸ್ತಿಕೆ ಆಗಬೇಕು. ನಾನು ಅರ್ಧ ಬರೆದಿಟ್ಟಿದ್ದೇನೆ. ಕನ್ನಡ ಎಂ.ಎ. ಮಾಡುವ ಮಕ್ಕಳು ತಿದ್ದಿಕೊಟ್ಟರೆ ಸಾಕು, ಒಂದು ಸಂಘ ಕಾಗದದ ಖರ್ಚು ಹೊತ್ತರೆ ಇನ್ನೊಂದು ಅಚ್ಚಿನದ್ದು ಹೊರಬಹುದು. ಪ್ರತಿಗಳು ಇಲ್ಲಿ ಹಂಚುವುದಕ್ಕಿಂತ ಶಿರಸಿ, ಸಾಗರ, ತೀರ್ಥಹಳ್ಳಿ, ಪುತ್ತೂರಿನ ಬಸ್ಸು ಹತ್ತಬೇಕು.

ಎಂಟನೆಯ ತಾರೀಖಿಗೆ ಯಾವ ಸಂಘ ಹ್ಞೂಂ ಎಂದರೂ ನಾನು ಬರುತ್ತೇನೆ, ಅದು ವಸಯಿಯಾದರೂ ಸರಿ, ಪನ್ವೇಲ್ ಆದರೂ ಸರಿ. ಒಂದು ಮೇಜು, ಒಂದು ಪ್ಲಗ್ ಪಾಯಿಂಟ್ ಸಾಕು. ಸೂಕ್ಷ್ಮದರ್ಶಕ ನನ್ನದೇ ಇದೆ, ನಿವೃತ್ತಿಯ ಹಣದಲ್ಲಿ ಕೊಂಡದ್ದು. ಹಲ್ಲುಕಡ್ಡಿ, ಗಾಜಿನ ಸ್ಲೈಡು, ನೀಲಿ ಬಣ್ಣದ ಸೀಸೆಯನ್ನು ನಾನೇ ತರುತ್ತೇನೆ. ಮಕ್ಕಳು ಒಬ್ಬೊಬ್ಬರಾಗಿ ಬಂದು ಹಲ್ಲುಕಡ್ಡಿಯ ಮೊಂಡು ತುದಿಯಿಂದ ತಮ್ಮ ಕೆನ್ನೆಯ ಒಳಗೆ ಮೆಲ್ಲಗೆ ಕೆರೆದು ಸ್ಲೈಡಿಗೆ ಹಚ್ಚಲಿ. ಒಂದು ತೊಟ್ಟು ಬಣ್ಣ ಬಿಟ್ಟು, ನಿಮಿಷ ಕಾದು ನೋಡಿದರೆ, ತೆಳು ನೀಲಿ ಹಪ್ಪಳದ ನಡುವೆ ಕಡುನೀಲಿ ಚುಕ್ಕೆಯೊಂದು ಕಾಣುತ್ತದೆ. ಅವರವರ ಕೆನ್ನೆಯ ಜೀವಕೋಶ ಅದು, ಅವರ ಕಣ್ಣಿನಿಂದಲೇ ನೋಡಲಿ.

ಉತ್ತರಕ್ಕೆ ಕಾಯುತ್ತ,

ಡೊಂಬಿವಲಿಯ ಒಬ್ಬ ನಿವೃತ್ತ ಪ್ರಯೋಗಾಲಯ ತಂತ್ರಜ್ಞೆ